ಪಾಲಕ್ಕೋ, ಬೆಂಡೆಯೋ: ಡೊಂಬಿವಲಿಯ ಹಿತ್ತಲಿಗೆ ಯಾವುದು?

ಮುಂಬಯಿ ಬಳಿಯ ಡೊಂಬಿವಲಿ, ಕಲ್ಯಾಣದ ಕಡೆ ತುಂಡು ಜಾಗ ಇರುವ ನಮ್ಮವರು ಮಳೆ ನಿಂತೊಡನೆ ತರಕಾರಿ ಹಾಕಲು ಹೊರಡುತ್ತಾರೆ. ಆ ಮಣ್ಣು ಕಾರ್ಖಾನೆ, ಹೆದ್ದಾರಿ ಅಥವಾ ಚರಂಡಿಯ ಪಕ್ಕದ್ದಾದರೆ ರುಚಿ ನೋಡಿ ಬೆಳೆ ಆರಿಸಬೇಡಿ. ಅಲ್ಲಿ ಕ್ಯಾಡ್ಮಿಯಂ, ಸೀಸದಂಥ ವಿಷಲೋಹಗಳು ಸೇರಿರಬಹುದು.

ಪಾಲಕ್ ಕ್ಯಾಡ್ಮಿಯಂ ಅನ್ನು ಸುಲಭವಾಗಿ ಹೀರಿ ಎಲೆಗೆ ಕಳಿಸುತ್ತದೆ. ನಾವು ತಿನ್ನುವುದೂ ಎಲೆಯನ್ನೇ. ಗಿಡ ಹಚ್ಚಗೆ ಇದೆಯೆಂದು ನಂಬಬೇಡಿ. ಲೋಹ ಸಹಿಸುವ ಎಷ್ಟೋ ಗಿಡಗಳು ಅದನ್ನು ಜೀವಕೋಶದೊಳಗಿನ ಚೀಲದಲ್ಲಿ ಕಟ್ಟಿಟ್ಟು ತಾವು ಸೊಂಪಾಗಿರುತ್ತವೆ. ಅಪಾಯ ತಿನ್ನುವವರಿಗೆ. ಸೀಸದ ಕಥೆ ಬೇರೆ: ಹೀರಿದ್ದು ಬಹುಪಾಲು ಬೇರಿನಲ್ಲೇ ಉಳಿಯುತ್ತದೆ, ಎಲೆಯ ಮೇಲೆ ಕೂರುವುದು ಧೂಳಿನದು. ಧೂಳನ್ನು ತೊಳೆಯಬಹುದು, ಎಲೆಯೊಳಗಿನ ಕ್ಯಾಡ್ಮಿಯಂ ಅನ್ನು ತೊಳೆಯಲಾಗದು.

ಬೆಂಡೆಯ ಬೇರು, ಎಲೆಗೂ ಲೋಹ ಸೇರುತ್ತದೆ. ಕಾಯಿಗೆ ತಲುಪುವುದು ಸಾಮಾನ್ಯವಾಗಿ ಕಡಿಮೆ. ಅನುಮಾನದ ಮಣ್ಣಿಗೆ ನನ್ನ ಮತ ಬೆಂಡೆಗೇ.

ಯಾವುದನ್ನೇ ಹಾಕಿ, ಪೋಷಕಾಂಶ ಮರೆಯಬೇಡಿ. ಕಬ್ಬಿಣ, ಸತು ಬೇರಿನೊಳಗೆ ಬರುವ ಬಾಗಿಲುಗಳಲ್ಲೇ ಕ್ಯಾಡ್ಮಿಯಂ ಕೂಡ ನುಸುಳುತ್ತದೆ. ಕಬ್ಬಿಣ ಸಾಲದಿದ್ದರೆ ಗಿಡ ಅಂಥ ಬಾಗಿಲುಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಸತುವಿನ ಕೊರತೆಯಿರುವ ಮಣ್ಣಿಗೆ ಸತು ಕೊಟ್ಟರೆ ಎರಡು ಲಾಭ: ಗಿಡಕ್ಕೆ ಪೋಷಣೆ ಸಿಗುತ್ತದೆ, ಅದೇ ಬಾಗಿಲಲ್ಲಿ ನುಸುಳುವ ಕ್ಯಾಡ್ಮಿಯಂ ಕಡಿಮೆಯಾಗುತ್ತದೆ. ಹುಳಿ ಮಣ್ಣಿಗೆ ಸುಣ್ಣ ಹಾಕಿದರೂ ಕ್ಯಾಡ್ಮಿಯಂ ಹೀರಿಕೆ ತಗ್ಗುತ್ತದೆ. ಅತಿಯಾದರೆ ಕಬ್ಬಿಣ ದಕ್ಕದೆ ಎಳೆಯ ಎಲೆಗಳು ಹಳದಿಯಾಗುತ್ತವೆ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಕ್ಯಾಡ್ಮಿಯಂ ಮತ್ತು ಸೀಸವನ್ನು ಹೆಸರು ಹೇಳಿಯೇ ಕೇಳಿ. ಮಾಮೂಲಿ ಪರೀಕ್ಷೆಯಲ್ಲಿ ಅವು ಇರುವುದಿಲ್ಲ.

ಸೊಪ್ಪು ಬೇಕೇ ಬೇಕೆನ್ನುವವರು ಪಾಲಕ್ಕನ್ನು ಕುಂಡದಲ್ಲಿ, ನಂಬಿಕೆಯ ಮಣ್ಣು ತುಂಬಿ, ನಲ್ಲಿ ನೀರಿನಲ್ಲೇ ಬೆಳೆಸಿ.