ವೆರಿಫೈನೌ: ಸರ್ಜರಿಗೆ ಮುಂಚೆ ಚೆನ್ನ, ಸ್ಟೆಂಟ್ ಹಾಕಿದ ಮೇಲೆ ಅಷ್ಟಕ್ಕಷ್ಟೆ

ಹೃದಯದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲವು ವರ್ಷಗಳಿಂದ ವೆರಿಫೈನೌ ಅನ್ನುವ ಈ ರಕ್ತಪರೀಕ್ಷೆಯ ಮೆಷಿನ್ ಬಳಸುತ್ತಿದ್ದೇನೆ. ರಕ್ತ ಗಡ್ಡೆ ಕಟ್ಟದಿರಲಿ ಅಂತ ಕೊಡುವ ಕ್ಲೋಪಿಡೋಗ್ರೆಲ್ ಮಾತ್ರೆ ಪ್ಲೇಟ್‌ಲೆಟ್‌ಗಳನ್ನು (ರಕ್ತ ಹೆಪ್ಪುಗಟ್ಟಿಸುವ ಕಣಗಳನ್ನು) ಎಷ್ಟು ತಡೆದಿದೆ ಅಂತ ಹೇಳುವುದು ಇದರ ಕೆಲಸ.

ಬಳಸಲು ಸುಲಭ, ಆ ವಿಷಯಕ್ಕೆ ಪೂರ್ತಿ ಅಂಕ. ಪ್ಲೇಟ್‌ಲೆಟ್ ಪರೀಕ್ಷೆಯ ಹಳೇ ಮೆಷಿನ್ ಅಗ್ರಿಗೋಮೀಟರ್‌ನಲ್ಲಿ ರಕ್ತ ತಿರುಗಿಸಿ ಪ್ಲಾಸ್ಮಾ ಬೇರೆ ಮಾಡುವಷ್ಟರಲ್ಲಿ ಅರ್ಧ ಬೆಳಗ್ಗೆ ಮುಗಿಯುತ್ತಿತ್ತು. ಇಲ್ಲಿ ಟ್ಯೂಬನ್ನು ಬೋರಲಾಗಿ ಕಾರ್ಟ್ರಿಡ್ಜ್‌ಗೆ ಸಿಕ್ಕಿಸಿದರೆ ಸಾಕು. ಒಳಗೆ ಫೈಬ್ರಿನೊಜೆನ್ (ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನ್) ಲೇಪಿಸಿದ ಸಣ್ಣ ಮಣಿಗಳಿವೆ. ಚುರುಕಾಗಿರುವ ಪ್ಲೇಟ್‌ಲೆಟ್‌ಗಳು ಅವನ್ನು ಹಿಡಿದು ಗಂಟು ಕಟ್ಟುತ್ತವೆ, ಬೆಳಕು ಜಾಸ್ತಿ ಹಾಯುತ್ತದೆ. ಕೆಲವೇ ನಿಮಿಷಕ್ಕೆ ಪಿಆರ್‌ಯು ಅನ್ನುವ ಅಂಕಿ, ಅಂದರೆ ಪ್ಲೇಟ್‌ಲೆಟ್‌ಗಳು ಎಷ್ಟು ಚುರುಕಾಗಿವೆ ಅನ್ನುವ ಅಳತೆ, ಬರುತ್ತದೆ. 208 ದಾಟಿದರೆ ಮಾತ್ರೆ ಸಾಕಷ್ಟು ಕೆಲಸ ಮಾಡಿಲ್ಲ ಅಂತ ಲೆಕ್ಕ.

ತಲೆನೋವೆಲ್ಲ ಸ್ಯಾಂಪಲ್‌ದು. ರಕ್ತ ಹೆಪ್ಪುಗಟ್ಟದಂತೆ ಸಿಟ್ರೇಟ್ ಹಾಕಿದ ಟ್ಯೂಬ್ ಗೆರೆವರೆಗೆ ತುಂಬಿರಬೇಕು. ಮೊದಲು ಬಂದ ರಕ್ತ ಬಿಟ್ಟು ಆಮೇಲಿನದನ್ನು ಹಿಡಿಯಬೇಕು. ಟ್ಯೂಬನ್ನು ಮೆಲ್ಲಗೆ ಮೇಲೆ ಕೆಳಗೆ ತಿರುಗಿಸಬೇಕು, ಕುಲುಕಬಾರದು. ನಾಲ್ಕು ಗಂಟೆಯೊಳಗೆ ಪರೀಕ್ಷೆ ಮುಗಿಯಬೇಕು. ರಾತ್ರಿ ಪಾಳಿಯಲ್ಲಿ ಐಸ್ ಮೇಲಿಟ್ಟು ಕಳಿಸಿದ ಟ್ಯೂಬ್‌ಗಳನ್ನು ಸುಮ್ನೆ ವಾಪಸ್ ಮಾಡುತ್ತೇನೆ, ಬೈಗುಳ ಕೇಳಿದರೂ ಸರಿ. ಇನ್ನೊಂದು, ರಕ್ತಹೀನತೆ ಇರುವವರಲ್ಲಿ ಅಂಕಿ ಇರುವುದಕ್ಕಿಂತ ಮೇಲೆ ತೋರಿಸಬಹುದು. ಹಿಮೊಗ್ಲೋಬಿನ್ ನೋಡದೆ ರಿಪೋರ್ಟ್ ಓದಬೇಡಿ.

ಸರಿ, 240 ಬಂತು ಅಂತಿಟ್ಟುಕೊಳ್ಳಿ. ಮುಂದೇನು? "ಹಾಗಾದರೆ ಮಾತ್ರೆ ಎರಡು ತಗೊಳ್ಳಲಾ ಸರ್?" ಅಂತ ರೋಗಿಗಳು ಕೇಳುತ್ತಾರೆ. ಇದನ್ನೇ ಗ್ರಾವಿಟಾಸ್ ಅಧ್ಯಯನ 2,214 ಜನರಲ್ಲಿ ನೋಡಿತು, 2011ರಲ್ಲಿ ಫಲಿತಾಂಶ ಬಂತು. ಡೋಸ್ 75ರಿಂದ 150 ಮಿಲಿಗ್ರಾಂಗೆ ಏರಿಸಿದರೂ ಹೃದಯಾಘಾತ, ಸಾವು, ಸ್ಟೆಂಟ್ ಮುಚ್ಚಿಕೊಳ್ಳುವುದು ಯಾವುದೂ ಕಡಿಮೆ ಆಗಲಿಲ್ಲ. ಮರುವರ್ಷದ ಆರ್ಕ್ಟಿಕ್ ಅಧ್ಯಯನದಲ್ಲೂ ಪರೀಕ್ಷೆ ನೋಡಿ ಔಷಧ ಬದಲಿಸಿದವರಿಗೆ ಲಾಭ ಕಾಣಲಿಲ್ಲ. ಅಂಕಿ ಇಳಿಸುವುದು ಬೇರೆ, ರೋಗಿ ಉಳಿಸುವುದು ಬೇರೆ ಅಲ್ವಾ! ಹಾಗಾಗಿ ಸ್ಟೆಂಟ್ ಹಾಕಿಸಿಕೊಂಡವರಿಗೆಲ್ಲ ಈ ಟೆಸ್ಟ್ ಬರೆಯುವುದು ದುಡ್ಡು ದಂಡ ಅಂತ ನನ್ನ ಅನಿಸಿಕೆ.

ನಿಜವಾಗಿ ಉಪಯೋಗಕ್ಕೆ ಬಂದಿದ್ದು ಬೈಪಾಸ್‌ಗೆ ಮುಂಚೆ. ಆಪರೇಷನ್‌ನಲ್ಲಿ ರಕ್ತಸ್ರಾವ ಜಾಸ್ತಿ ಆಗದಿರಲಿ ಅಂತ ಕ್ಲೋಪಿಡೋಗ್ರೆಲ್ ನಿಲ್ಲಿಸಿ ಐದು ದಿನ ಕಾಯುವುದು ವಾಡಿಕೆ. ಆದರೆ ಈ ಔಷಧ ಲಿವರ್‌ನಲ್ಲಿ ಬದಲಾದ ಮೇಲಷ್ಟೇ ಕೆಲಸ ಮಾಡುತ್ತದೆ, ಆ ಬದಲಾವಣೆ ಎಲ್ಲರಲ್ಲೂ ಒಂದೇ ಥರ ಆಗುವುದಿಲ್ಲ. ಕೆಲವರಿಗೆ ಪ್ಲೇಟ್‌ಲೆಟ್ ಬೇಗ ಚೇತರಿಸಿಕೊಂಡಿರುತ್ತದೆ. ಅಂಥವರನ್ನು ಐಸಿಯುನಲ್ಲಿ ಸುಮ್ಮನೆ ಮಲಗಿಸಬೇಕಿಲ್ಲ, ಬೇಗ ಆಪರೇಷನ್‌ಗೆ ಕಳಿಸಬಹುದು. ನಮ್ಮ ಸರ್ಜನ್‌ಗಳು ಫೋನ್ ಮಾಡಿ ಕೇಳುವುದು ಈ ರಿಪೋರ್ಟನ್ನೇ.

ಹುಟ್ಟಿನಿಂದಲೇ ರಕ್ತಸ್ರಾವದ ತೊಂದರೆ ಇರುವ ಮಕ್ಕಳಿಗೆ ಮಾತ್ರ ಇದು ಬೇಡ. ಪ್ಲೇಟ್‌ಲೆಟ್‌ಗಳು ಸರಿಯಾಗಿ ಗಂಟು ಕಟ್ಟದ ಗ್ಲಾಂಜ್‌ಮನ್‌ನಂಥ ಕಾಯಿಲೆ ಹುಡುಕಲು ಹಳೇ ಅಗ್ರಿಗೋಮೀಟರೇ ಬೇಕು. ಅದನ್ನು ಗುಜರಿಗೆ ಹಾಕಬೇಡಿ.