ಹೈಸ್ಪೀಡ್ ರೈಲು: ಅಭಿಪ್ರಾಯ ಯಾವ ಹಂತದಲ್ಲಿ ಕೊಟ್ಟರೆ ಒಳ್ಳೆಯದು?

ಕ್ಯಾಲಿಫೋರ್ನಿಯಾದ ಹೈಸ್ಪೀಡ್ ರೈಲು ನಿಮ್ಮ ಮನೆ ಹತ್ತಿರ ಹಾದುಹೋಗುವುದಾದರೆ, ಪರಿಸರ ಪರಿಶೀಲನೆಯಲ್ಲಿ (ಯೋಜನೆಯಿಂದ ಪರಿಸರಕ್ಕೆ ಏನಾಗುತ್ತದೆ ಅಂತ ಅನುಮೋದನೆಗೆ ಮೊದಲು ನೋಡುವ ಪ್ರಕ್ರಿಯೆ) ಮಾತಾಡಲು ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ. ಎಲ್ಲದಕ್ಕೂ ಪುರುಸೊತ್ತಿಲ್ಲ ಅಂದರೆ ಯಾವುದನ್ನು ಆರಿಸಬೇಕು?

ಮೊದಲನೆಯದು ಸ್ಕೋಪಿಂಗ್. ಏನೇನು ಅಧ್ಯಯನ ಮಾಡಬೇಕು ಅಂತ ಇಲ್ಲಿ ತೀರ್ಮಾನವಾಗುತ್ತದೆ. ರಾಜ್ಯದ ನಿಯಮದಂತೆ ಅಭಿಪ್ರಾಯ ಕೊಡಲು 30 ದಿನ. ಮಾರ್ಗವೇ ಬೇರೆ ಕಡೆ ಹೋಗಲಿ ಅನ್ನುವವರಿಗೆ ಇದೇ ಸರಿ. ಆದರೆ ನಿಮ್ಮ ಪತ್ರಕ್ಕೆ ಉತ್ತರ ಬರಲೇಬೇಕು ಅಂತೇನಿಲ್ಲ.

ಆ ಅಧ್ಯಯನದ ಕರಡು ವರದಿ ಹೊರಬರುವ ಹಂತ ಹಾಗಲ್ಲ. ಒಂದನ್ನೇ ಆರಿಸಬೇಕಾದರೆ ನನ್ನ ವೋಟು ಇದಕ್ಕೇ. ಕನಿಷ್ಠ 45 ದಿನ ಸಿಗುತ್ತದೆ. ಪರಿಸರದ ಬಗ್ಗೆ ಎತ್ತಿದ ಮುಖ್ಯ ಆಕ್ಷೇಪಗಳಿಗೆ ಅಂತಿಮ ವರದಿಯಲ್ಲಿ ಲಿಖಿತ ಉತ್ತರ ಕೊಡಲೇಬೇಕು. ಹಾಗಂತ ಸುಮ್ನೆ 'ಗದ್ದಲ ಜಾಸ್ತಿ' ಅಂತ ಬರೆದರೆ ಉತ್ತರವೂ ಅಷ್ಟೇ ತೆಳು ಅಲ್ವಾ? 'ಶಬ್ದದ ಕೋಷ್ಟಕದಲ್ಲಿ ನಮ್ಮ ಬೀದಿಯ ಶಾಲೆ ಬಿಟ್ಟುಹೋಗಿದೆ, ಅಲ್ಲಿಗೆ ತಡೆಗೋಡೆ ಯಾಕಿಲ್ಲ?' ಅಂತ ಕೇಳಿ. ಅದನ್ನು ತಳ್ಳಿಹಾಕುವುದು ಕಷ್ಟ. ಮುಂದೆ ಕೋರ್ಟಿಗೆ ಹೋಗುವುದಿದ್ದರೂ, ಆ ವಿಷಯವನ್ನು ಅನುಮೋದನೆಗೆ ಮೊದಲೇ ಯಾರಾದರೂ ಎತ್ತಿರಬೇಕು.

ಅಂತಿಮ ವರದಿ ಬರಲಿ ಅಂತ ಕಾದರೆ ತಡವಾಯ್ತು ಅಂತಲೇ. ಯೋಜನೆಗೆ ಅನುಮೋದನೆ ಸಿಕ್ಕ ನೋಟಿಸ್ ದಾಖಲಾದ ಮೇಲೆ ರಾಜ್ಯದ ಪರಿಸರ ಕಾನೂನಿನಡಿ ಕೇಸ್ ಹಾಕಲು ಸಾಮಾನ್ಯವಾಗಿ ಸಿಗುವುದು 30 ದಿನ, ಅಷ್ಟೇ.