ಹ್ಯಾಲೋವೀನ್ ಕ್ರಾಸ್ ಸ್ಟಿಚ್: ದಾರಕ್ಕೆ ಪೂರ್ತಿ ಅಂಕ, ಕಪ್ಪು ಬಟ್ಟೆಗೆ ಅರ್ಧ

ಅಕ್ಟೋಬರ್ 31ರ ಹ್ಯಾಲೋವೀನ್‌ಗೆಂದು ಹಾಕುವ ಕ್ರಾಸ್ ಸ್ಟಿಚ್, ಅಂದರೆ ಬಟ್ಟೆಯ ಚೌಕ ಎಣಿಸಿ ಗುಣಾಕಾರದ ಗುರುತಿನಂತೆ ಹಾಕುವ ಹೊಲಿಗೆ, ಕೆಡುವುದು ಹೆಚ್ಚಾಗಿ ಕಪ್ಪಿನಿಂದ. ಕಪ್ಪು ಬಟ್ಟೆಯಲ್ಲಿ ತೂತು ಕಾಣುವುದಿಲ್ಲ, ಕಪ್ಪು ದಾರದ ಜುಂಗು ಪಕ್ಕದ ಬಿಳಿ ದೆವ್ವಕ್ಕೆ ಅಂಟುತ್ತದೆ, ತೊಳೆಯೋಣವೆಂದರೆ ಬಣ್ಣ ಬಿಟ್ಟೀತೆಂಬ ಭಯ. ಅದೇ ಶರತ್ಕಾಲದ ಮೇಪಲ್ ಎಲೆ, ಓಕ್ ಕಾಯಿ, ಕುಂಬಳಕಾಯಿಗಳನ್ನು ಕೆನೆ ಬಣ್ಣದ ಬಟ್ಟೆಯ ಮೇಲೆ ಹಾಕಿದರೆ ಈ ತಕರಾರು ಮುಕ್ಕಾಲು ಪಾಲು ಇರುವುದಿಲ್ಲ. ಹಾಗಾಗಿ ಇಲ್ಲಿ ದಾರ, ಬಟ್ಟೆ, ಹೊಳೆಯುವ ನೂಲು, ಕೊನೆಯ ಕಟ್ಟಣೆ ಎಲ್ಲವನ್ನೂ ಒಂದೇ ಒರೆಗೆ ಹಚ್ಚಿದ್ದೇವೆ: ಕಪ್ಪಿನ ಜೊತೆ ಇದು ಹೇಗೆ ನಡೆದುಕೊಳ್ಳುತ್ತದೆ?

ಮೊದಲು ದಾರ. ಡಿಎಂಸಿ ಕಂಪನಿಯ ಮೂಲಿನೆ ಸ್ಪೆಷಲ್ ಎಂಬ ಹತ್ತಿ ದಾರ ಈ ಕೆಲಸದ ಅಳತೆಗೋಲು. ಈಗ ಫ್ರಾನ್ಸಿನಲ್ಲಿರುವ ಮುಲೂಸ್ ಊರಿನಲ್ಲಿ 1746ರಲ್ಲಿ ಶುರುವಾದ ಕಂಪನಿ. ಲಡಿಗೆ 8 ಮೀಟರ್, ಬಿಡಿಸಿದರೆ ಆರು ಎಳೆ, ಬಣ್ಣ 500. ಅಷ್ಟೊಂದು ಬಣ್ಣ ಯಾಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಕಿತ್ತಳೆಯಲ್ಲಿದೆ. ಡಿಎಂಸಿಯ ಬಣ್ಣದ ನಂಬರಿನಲ್ಲಿ 740, 741, 742 ಹಣ್ಣಿನ ಕಿತ್ತಳೆ, ಕಣ್ಣು ಕುಕ್ಕುವಂಥವು. 946, 947 ಸುಟ್ಟ ಕಿತ್ತಳೆ. 720, 721, 722 ಮಸಾಲೆಯ ಕಡೆ ವಾಲಿದ ಕಿತ್ತಳೆ. 918ರಿಂದ 922ರವರೆಗೆ ತಾಮ್ರ. 3853, 3854, 3855 ಒಣಗಿದ ಎಲೆಯ ಹೊನ್ನು. ಕುಂಬಳಕಾಯಿಗೆ ಹೋಳುಗಳ ನಡುವಿನ ಗೀರಿಗೆ 720, ಮೈಗೆ 721, ಬೆಳಕು ಬೀಳುವ ಕಡೆ 722, ತೊಟ್ಟಿಗೆ 433 ಮತ್ತು 435 ಹಾಕಿದರೆ ಕಾಯಿ ಉಬ್ಬಿದಂತೆ ಕಾಣುತ್ತದೆ. 740ರ ಗುಂಪು ಕಪ್ಪಿನ ಮೇಲೆ ಪ್ಲಾಸ್ಟಿಕ್ ಬುಟ್ಟಿಯಂತೆ ಹೊಳೆಯುತ್ತದೆ. ಮಕ್ಕಳ ಮಿಠಾಯಿ ಚೀಲಕ್ಕಾದರೆ ಅದೇ ಚೆಂದ, ಗೋಡೆಗೆ ಬೇಡ. ತಾಮ್ರದ ಗುಂಪು ಕೆನೆ ಬಟ್ಟೆಯಲ್ಲಿ ರಾಜ, ಕಪ್ಪಿನಲ್ಲಿ ಮಾತ್ರ ಕೆಸರು. 918, 919 ಅಲ್ಲಿ ಕರಗಿಯೇ ಹೋಗುತ್ತವೆ.

ಒಂದು ಲಡಿ ಎಷ್ಟು ಚೌಕಕ್ಕೆ ಬರುತ್ತದೆ ಎಂಬುದಕ್ಕೆ ಲೆಕ್ಕ ಹೀಗೆ. 14 ಕೌಂಟ್ ಬಟ್ಟೆಯಲ್ಲಿ, ಅಂದರೆ ಇಂಚಿಗೆ 14 ಚೌಕ ಬರುವಂಥದ್ದರಲ್ಲಿ, ಒಂದು ಚೌಕ 1.8 ಮಿಲಿಮೀಟರ್. ಮುಂದಿನ ಎರಡು ಓರೆ ಗೆರೆಗೆ ಸುಮಾರು 5, ಹಿಂದಿನ ಎರಡು ನೇರ ಗೆರೆಗೆ 3.6, ಒಟ್ಟು 9ರ ಹತ್ತಿರ. ಎರಡೆರಡು ಎಳೆಯಲ್ಲಿ ಹೊಲಿದರೆ 8 ಮೀಟರ್ ಲಡಿ 24 ಮೀಟರ್ ಆಗುತ್ತದೆ, ಅಂದರೆ ಕಾಗದದ ಮೇಲೆ 2,700 ಚೌಕ. ಶುರು ಮಾಡಿದ್ದು, ಮುಗಿಸಿದ್ದು, ಬಿಚ್ಚಿದ್ದು ಎಂದು ಮೂರರಲ್ಲೊಂದು ಪಾಲು ಹೋದರೆ ಕೈಗೆ ದಕ್ಕುವುದು 1,800. ಮೂರು ಎಳೆಯಾದರೆ 1,200. ಕಪ್ಪು ಬಣ್ಣದ 310ನ್ನು ಈ ಲೆಕ್ಕದಲ್ಲಿ ಒಂದು ಲಡಿ ಹೆಚ್ಚಾಗಿ, ಎಲ್ಲವನ್ನೂ ಒಂದೇ ಸಲ ಕೊಳ್ಳಿ. ಬೇರೆ ಬೇರೆ ಬ್ಯಾಚಿನ ಕಪ್ಪುಗಳ ನಡುವಿನ ಸಣ್ಣ ವ್ಯತ್ಯಾಸ ಲಡಿಯಲ್ಲಿ ಕಾಣದಿದ್ದರೂ ದೊಡ್ಡ ಹಿನ್ನೆಲೆಯಲ್ಲಿ ಪಟ್ಟೆಯಾಗಿ ಎದ್ದು ಕಾಣುತ್ತದೆ.

ನಮ್ಮೂರ ಫ್ಯಾನ್ಸಿ ಸ್ಟೋರುಗಳಲ್ಲಿ ಸುಲಭವಾಗಿ ಸಿಗುವುದು ಆಂಕರ್. ಅದೂ 8 ಮೀಟರ್, ಅದೂ ಆರು ಎಳೆ, ಗುಣದಲ್ಲಿ ದೂರುವಂಥದ್ದೇನಿಲ್ಲ. ಡಿಎಂಸಿ 310ಕ್ಕೆ ಆಂಕರ್ 403, 947ಕ್ಕೆ 330, 946ಕ್ಕೆ 332 ಎಂದು ಪಟ್ಟಿಗಳು ಹೇಳುತ್ತವೆ. ಆದರೆ ಪಟ್ಟಿಯ ಜೋಡಿ ಹತ್ತಿರದ ಬಣ್ಣವೇ ಹೊರತು ಅದೇ ಬಣ್ಣವಲ್ಲ. ಕುಂಬಳಕಾಯಿಯ ಮೂರು ಛಾಯೆಯಲ್ಲಿ ಎರಡು ಒಂದು ಕಂಪನಿಯದು, ಒಂದು ಇನ್ನೊಂದರದು ಎಂದು ಬೆರೆಸಿದರೆ ಏರಿಳಿತ ತಪ್ಪುತ್ತದೆ. ಬದಲಿಸುವುದಾದರೆ ಆ ಕಿತ್ತಳೆಯ ಇಡೀ ಗುಂಪನ್ನೇ ಬದಲಿಸಬೇಕು.

ಇನ್ನು ಬಟ್ಟೆ. ಜರ್ಮನಿಯ ಜ್ವೈಗಾರ್ಟ್ ಕಂಪನಿಯ 14 ಕೌಂಟ್ ಕಪ್ಪು ಐಡಾ, ಅಂದರೆ ಸಿದ್ಧ ತೂತುಗಳಿರುವ ಚೌಕ ಚೌಕದ ಬಟ್ಟೆ, ನೇಯ್ಗೆಯಲ್ಲಿ ನಿಷ್ಠುರ; ಸೆಂಟಿಮೀಟರಿಗೆ 5.4 ಚೌಕ ಎಂದರೆ ಉದ್ದಕ್ಕೂ ಅಡ್ಡಕ್ಕೂ ಅಷ್ಟೇ. ಆದರೂ ಅರ್ಧ ಅಂಕ ಯಾಕೆಂದರೆ, ಬಿಳಿ, ಹಳದಿ, ತಿಳಿ ಕಿತ್ತಳೆಯನ್ನು ರೂಢಿಯ ಎರಡು ಎಳೆಯಲ್ಲಿ ಹಾಕಿದಾಗ ಕೆಳಗಿನ ಕಪ್ಪು ಮೂಲೆ ಮೂಲೆಯಲ್ಲಿ ಇಣುಕುತ್ತದೆ. ಚಂದ್ರನಿಗೆ ಸಿಡುಬಿನ ಕಲೆ ಬಂದಂತೆ. ಪರಿಹಾರ: ತಿಳಿ ಬಣ್ಣಗಳಿಗೆ ಮೂರು ಎಳೆ, ಗಾಢ ಬಣ್ಣಗಳಿಗೆ ಎರಡು. ಮೂರು ಎಳೆಗೆ, ದಾರವನ್ನು ನಡುವೆ ಮಡಿಸಿ ಲೂಪ್ ಹಾಕಿ ಶುರು ಮಾಡುವ ಉಪಾಯ ನಡೆಯುವುದಿಲ್ಲ, ಅದಕ್ಕೆ ಸಮಸಂಖ್ಯೆ ಬೇಕು. ತುದಿಯನ್ನು ಹಿಂದೆ ಹಿಡಿದು ಮೊದಲ ಐದಾರು ಚೌಕದ ಅಡಿ ಸಿಕ್ಕಿಸಿ. ಎಳೆಗಳನ್ನು ಒಂದೊಂದಾಗಿ ಬಿಡಿಸಿ ಮತ್ತೆ ಜೋಡಿಸಿದರೆ ಅಗಲವಾಗಿ ಕೂರುತ್ತವೆ; ಒಟ್ಟಿಗೇ ಎಳೆದುಕೊಂಡ ಮೂರು ಎಳೆ ಹುರಿಯಂತೆ ತಿರುಚಿಕೊಂಡು ಮತ್ತೆ ಕಪ್ಪನ್ನೇ ತೋರಿಸುತ್ತವೆ.

ತೂತು ಕಾಣಲು ತೊಡೆಯ ಮೇಲೆ ಬಿಳಿ ದಿಂಬಿನ ಚೀಲ ಹಾಸಿಕೊಳ್ಳಿ, ದೀಪ ಪಕ್ಕದಿಂದ ಬರಲಿ. ಸೂಜಿ 24 ನಂಬರಿನ ಮೊಂಡು ತುದಿಯದು. ಐಡಾದ ಬಗ್ಗೆ ಗೊಣಗುವಾಗ ಧಾರವಾಡದ ಕಡೆ ನೋಡಿದರೆ ಸ್ವಲ್ಪ ನಾಚಿಕೆಯಾಗುತ್ತದೆ: ಕಸೂತಿಯ ನಾಲ್ಕು ಹೊಲಿಗೆಗಳಾದ ಗವಂತಿ, ಮುರ್ಗಿ, ನೇಯ್ಗಿ, ಮೆಂಥಿಗಳಲ್ಲಿ ಮೆಂಥಿ ಅಂದರೆ ಈ ಕ್ರಾಸ್ ಸ್ಟಿಚ್ಚೇ. ಅದನ್ನು ಚಂದ್ರಕಾಳಿಯ ಕಪ್ಪು ಸೀರೆಯ ಮೇಲೆ, ಸಿದ್ಧ ತೂತಿಲ್ಲದೆ, ಎಳೆ ಎಣಿಸಿಯೇ ಹಾಕಿದವರು ನಮ್ಮವರು.

ಕಪ್ಪೇ ಬೇಕೆಂಬ ಹಟವಿಲ್ಲದಿದ್ದರೆ ನಮ್ಮ ಶಿಫಾರಸು ಇದ್ದಿಲ ಬೂದು ಅಥವಾ ಗಾಢ ನೇರಳೆಯ ಬಟ್ಟೆ. ಕಪ್ಪು ಬೆಕ್ಕು, ಬಾವಲಿ ಎರಡೂ ಅಲ್ಲಿ ಉಳಿಯುತ್ತವೆ, ರಾತ್ರಿಯೂ ಉಳಿಯುತ್ತದೆ. ಇಂಚಿಗೆ 28 ಎಳೆಯ, ಅಂದರೆ 28 ಕೌಂಟಿನ ಸಮ ನೇಯ್ಗೆಯ ಬಟ್ಟೆಯಲ್ಲಿ ಬಟ್ಟೆಯ ಎರಡು ಎಳೆಗೊಂದರಂತೆ ಹೊಲಿದರೆ ಅಳತೆ 14 ಕೌಂಟ್ ಐಡಾದಷ್ಟೇ, ಒಂದು ಕಾಲು ಚೌಕದ ನಡುವೆಯೇ ನಿಲ್ಲುವ ಮುಕ್ಕಾಲು ಹೊಲಿಗೆಗಳೂ ಸಲೀಸು. ಐಡಾದಲ್ಲಿ ಮುಕ್ಕಾಲು ಹೊಲಿಗೆಗೆ ಚೌಕದ ನಡುವನ್ನು ಚೂಪು ಸೂಜಿಯಿಂದ ಚುಚ್ಚಬೇಕು, ಬಾವಲಿಯ ರೆಕ್ಕೆಯಲ್ಲಿ ಇಂಥವು ಬೇಕಾದಷ್ಟು. ಬಿಳಿ ಬಟ್ಟೆಯ ಮೇಲೆ ಇಡೀ ಹಿನ್ನೆಲೆಯನ್ನು 310ರಲ್ಲಿ ತುಂಬುವ ಚಾರ್ಟುಗಳನ್ನಂತೂ ಮುಟ್ಟಬೇಡಿ. 70ಕ್ಕೆ 70ರ ಚಿಕ್ಕ ಚಿತ್ರದಲ್ಲೂ 4,900 ಚೌಕ; ಮೂರರಲ್ಲೆರಡು ಹಿನ್ನೆಲೆಯಾದರೆ 3,200ಕ್ಕೂ ಹೆಚ್ಚು ಕಪ್ಪು ಚೌಕ, ಅಷ್ಟಾದ ಮೇಲೂ ಬಿಳಿ ಚುಕ್ಕಿಗಳ ಇಣುಕಾಟ.

ಹೊಲಿಯುವ ಕ್ರಮ: ತಿಳಿ ಬಣ್ಣ ಮೊದಲು, ಕಪ್ಪು ಕೊನೆಗೆ. ಕಪ್ಪು ತುಂಬಿದ ತೂತಿನೊಳಗಿಂದ ಬಿಳಿ ದಾರ ಮೇಲೆ ಬಂದರೆ ಜೊತೆಗೆ ಕಪ್ಪು ಜುಂಗನ್ನೂ ಎಳೆದು ತರುತ್ತದೆ. ಅನಿವಾರ್ಯವಾದರೆ ಸೂಜಿಯನ್ನು ಖಾಲಿ ತೂತಿನಿಂದ ಮೇಲೆ ತಂದು ತುಂಬಿದ ತೂತಿನಲ್ಲಿ ಕೆಳಗಿಳಿಸಿ.

ಕತ್ತಲಲ್ಲಿ ಹೊಳೆಯುವ ದಾರ, ಡಿಎಂಸಿಯ ಇ940, ದೆವ್ವಕ್ಕೂ ಚಂದ್ರನಿಗೂ ಎಲ್ಲರೂ ಆಸೆಪಟ್ಟು ಕೊಳ್ಳುವಂಥದ್ದು. ಇದು ಪಾಲಿಯೆಸ್ಟರ್, ಹತ್ತಿಯ ಸ್ವಭಾವ ನಿರೀಕ್ಷಿಸಬಾರದು. ತುದಿ ಬಿಚ್ಚಿಕೊಳ್ಳುತ್ತದೆ, ಸೂಜಿಯ ಕಣ್ಣಿನ ಹತ್ತಿರ ಸವೆಯುತ್ತದೆ. 30 ಸೆಂಟಿಮೀಟರಿಗಿಂತ ಉದ್ದ ಕತ್ತರಿಸಬೇಡಿ, ಒದ್ದೆ ಬೆರಳಲ್ಲಿ ಒಮ್ಮೆ ಸವರಿ, ಸೂಜಿಯ ಜಾಗವನ್ನು ನಾಲ್ಕಾರು ಹೊಲಿಗೆಗೊಮ್ಮೆ ಸರಿಸಿ. ಹೊಳಪು ಬರುವುದು ದಟ್ಟವಾಗಿ ತುಂಬಿದ ಜಾಗದಲ್ಲಿ ಮಾತ್ರ. ಒಂದೆಳೆಯ ಜೇಡರ ಬಲೆಗೆ ಇದನ್ನು ಹಾಕಿದರೆ ಬರೀ ಶ್ರಮ, ಬೆಳಕಿಲ್ಲ. ಮೊದಲು ದೀಪದ ಕೆಳಗಿಟ್ಟು ಬೆಳಕು ಕುಡಿಸಬೇಕು, ಆಮೇಲೆ ಹಸಿರುಮಿಶ್ರಿತ ಹೊಳಪು, ಅದೂ ನಿಧಾನವಾಗಿ ಇಳಿಯುವಂಥದ್ದು. ಕಣ್ಣು ಬಾಯಿ ಕೊರೆದ ಕುಂಬಳಕಾಯಿಯ ಒಳಗಿನ ಬೆಳಕಿಗೆ ಒಪ್ಪುತ್ತದೆ. ಇಸ್ತ್ರಿಯನ್ನು ನೇರವಾಗಿ ಇದರ ಮೇಲಿಡಬೇಡಿ.

ಮಣಿ ಸೇರಿಸಿ ಹೊಲಿಯುವ ಮಿಲ್ ಹಿಲ್ ಕಂಪನಿಯ ಕಿಟ್‌ಗಳಲ್ಲಿ ಬಟ್ಟೆಯ ಬದಲು ಬರುವ ತೂತು ಕಾಗದ ಬೇರೆಯೇ ಜಾತಿ. ಅದೂ 14 ಕೌಂಟೇ, ಆದರೆ ರಿಂಗಿಗೆ ಸಿಕ್ಕಿಸುವಂತಿಲ್ಲ, ತೊಳೆಯುವಂತಿಲ್ಲ, ಬಿಗಿಯಾಗಿ ಎಳೆದರೆ ಎರಡು ತೂತು ಸೇರಿ ಒಂದಾಗುತ್ತದೆ. ಲಾಭವೆಂದರೆ ಕಟ್ಟಣೆಯ ಗೋಜಿಲ್ಲ: ಅಂಚಿನಲ್ಲಿ ಒಂದು ಸಾಲು ತೂತು ಬಿಟ್ಟು ಕತ್ತರಿಸಿ, ಹಿಂದೆ ಫೆಲ್ಟ್ ಹಚ್ಚಿದರೆ ಮುಗಿಯಿತು. ಅಕ್ಟೋಬರ್ ಮೂರನೇ ವಾರದಲ್ಲಿ ಎಚ್ಚರವಾದವರಿಗೆ ಇದೇ ಗತಿ.

ತೊಳೆಯುವ ಮೊದಲು ಬಣ್ಣ ಪರೀಕ್ಷೆ ಮಾಡಿ. ಕೆಂಪಿನ 321, 498, 815, ಕಪ್ಪಿನ 310, ಕೈಬಣ್ಣದ ದಾರ ಯಾವುದಿದ್ದರೂ ಬೆರಳುದ್ದ ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಇಟ್ಟು ಇಸ್ತ್ರಿ ಒತ್ತಿ ನೋಡಿ. ಕಲೆ ಬಿದ್ದರೆ ಆ ಕೆಲಸಕ್ಕೆ ನೀರು ತೋರಿಸದಿರುವುದೇ ಲೇಸು. ತೊಳೆದ ಮೇಲೆ ಬಣ್ಣ ಹರಿದದ್ದು ಕಂಡರೆ ಒಣಗಲು ಬಿಡಬೇಡಿ. ತಣ್ಣೀರಲ್ಲಿ ಮುಳುಗಿಸಿಟ್ಟು ನೀರು ತಿಳಿಯಾಗುವ ತನಕ ಬದಲಿಸುತ್ತಿರಿ. ಕಲೆಯ ಮೇಲೆ ಇಸ್ತ್ರಿ ಬಿತ್ತೋ, ಅದು ಅಲ್ಲೇ ಮನೆ ಮಾಡಿತು. ಹಳೆಯ ಕಾಲದ ನೋಟಕ್ಕೆಂದು ಬಟ್ಟೆಯನ್ನು ಕಾಫಿ ಡಿಕಾಕ್ಷನ್‌ನಲ್ಲಿ ಅದ್ದುವವರಿದ್ದಾರೆ. ಬಣ್ಣ ಚೆಂದವೇ ಬರುತ್ತದೆ, ಆದರೆ ಅದ್ದುವುದು ಹೊಲಿಯುವ ಮುಂಚೆ, ಹೊಲಿದ ಮೇಲಲ್ಲ.

ಈಗ ಕಟ್ಟಣೆ. ಅಂಗಡಿಯ ಕಿಟ್‌ಗಳು ಈ ಭಾಗವನ್ನು ಎರಡು ಸಾಲಲ್ಲಿ ಮುಗಿಸುತ್ತವೆ, ಕೆಲಸ ಕೈಕೊಡುವುದು ಮಾತ್ರ ಇಲ್ಲೇ. 56ಕ್ಕೆ 56 ಚೌಕದ, ಅಂದರೆ 10 ಸೆಂಟಿಮೀಟರಿನ ಒಂದು ತೂಗುಬಿಲ್ಲೆಯನ್ನು ತೆಗೆದುಕೊಳ್ಳಿ. 2 ಮಿಲಿಮೀಟರ್ ದಪ್ಪದ, ಆಮ್ಲರಹಿತ ರಟ್ಟನ್ನು 11.5 ಸೆಂಟಿಮೀಟರಿಗೆ ಎರಡು ಕತ್ತರಿಸಿ. ಅಂಟು ಹಚ್ಚಿ ಬರುವ ರಟ್ಟು ಬೇಡ, ಆ ಅಂಟು ವರ್ಷಗಳಲ್ಲಿ ಹಳದಿಯಾಗುತ್ತದೆ. ರಟ್ಟಿನ ಅಳತೆಗೇ ಒಂದು ಪದರ ತೆಳು ಹತ್ತಿ ಹಾಳೆ. ಕಪ್ಪು ಐಡಾದ ಗುಟ್ಟು ಇಲ್ಲಿ ಬರುತ್ತದೆ: ಬಿಳಿ ರಟ್ಟು, ಬಿಳಿ ಹತ್ತಿಯ ಮೇಲೆ ಅದನ್ನು ಎಳೆದು ಕೂರಿಸಿದರೆ ಪ್ರತಿ ತೂತಿನಿಂದಲೂ ಬಿಳಿ ಮಿಣುಕುತ್ತದೆ, ರಾತ್ರಿಯ ಆಕಾಶಕ್ಕೆ ಹೊಟ್ಟು ಉದುರಿದ ಹಾಗೆ. ಹತ್ತಿಯ ಮೇಲೆ ಒಂದು ಪದರ ಕಪ್ಪು ಕಾಟನ್ ಬಟ್ಟೆ ಹಾಕಿ, ಅದರ ಮೇಲೆ ಹೊಲಿಗೆಯದು. ದಿಂಬಿನಂತೆ ತುಂಬುವುದಾದರೂ ಇದೇ ನಿಯಮ. ಟೈಲರುಗಳು ಫ್ಯೂಸಿಂಗ್ ಎಂದು ಅಂಟಿಸುವ ತೆಳು ಕ್ಯಾನ್ವಾಸ್ ಕಪ್ಪೇ ಇರಬೇಕು. ಐಡಾದ ಅಂಚು ಬಿಚ್ಚದಂತೆಯೂ ಅದೇ ತಡೆಯುತ್ತದೆ.

ಹೊಲಿದ ಬಟ್ಟೆಯನ್ನು ರಟ್ಟಿನ ಸುತ್ತ 3 ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಮೊದಲು ನಾಲ್ಕು ಬದಿಯ ನಡುವೆ ಒಂದೊಂದು ಗುಂಡುಪಿನ್ನು, ಆಮೇಲೆ ಮೂಲೆಗಳತ್ತ. ಮೂಲೆಯಿಂದ ಶುರು ಮಾಡಿದರೆ ಚೌಕದ ಸಾಲು ಬಿಲ್ಲಿನಂತೆ ಬಾಗುತ್ತದೆ. ಹಿಂದೆ ಗಟ್ಟಿ ದಾರದಲ್ಲಿ ಎದುರು ಬದುರು ಅಂಚುಗಳನ್ನು ಷೂ ಲೇಸ್ ಕಟ್ಟಿದಂತೆ ಸೆಳೆಯಿರಿ. ಬಿಸಿ ಅಂಟಿನ ಗನ್ ಬೇಡ, ಗಂಟುಗಂಟಾಗಿ ಉಬ್ಬುತ್ತದೆ, ಪಾಲಿಯೆಸ್ಟರ್ ದಾರವನ್ನು ಕರಗಿಸಲೂಬಹುದು. ಎರಡನೇ ರಟ್ಟಿಗೆ ಚಿತ್ತಾರದ ಕಾಟನ್ ಸುತ್ತಿ, ಎರಡೂ ಬೆನ್ನು ಸೇರಿಸಿ ಬಟ್ಟೆಯ ಅಂಟು ಹಚ್ಚಿ, ಒಣ ಹಾಕುವ ಕ್ಲಿಪ್ ಸಿಕ್ಕಿಸಿ ರಾತ್ರಿಯಿಡೀ ಬಿಡಿ.

ಅಂಚಿನ ಸಂದು ಮುಚ್ಚಲು ಹುರಿ. ಸುತ್ತಳತೆ 46 ಸೆಂಟಿಮೀಟರ್, ತೂಗುಹಾಕುವ ಕುಣಿಕೆಗೆ 20, ತುದಿಗೆ ಒಂದಿಷ್ಟು, ಒಟ್ಟು 75 ಎನ್ನಿ. ಅದರ ಮೂರರಷ್ಟಕ್ಕಿಂತ ಸ್ವಲ್ಪ ಹೆಚ್ಚು, ಎರಡೂವರೆ ಮೀಟರ್, 720 ಮತ್ತು 310 ಒಂದೊಂದು ಉದ್ದವನ್ನು ಆರೆಳೆ ಬಿಡಿಸದೆ ಕತ್ತರಿಸಿ. ಒಂದು ತುದಿ ಬಾಗಿಲ ಚಿಲಕಕ್ಕೆ, ಇನ್ನೊಂದು ಪೆನ್ಸಿಲಿಗೆ ಕಟ್ಟಿ, ಸಡಿಲ ಬಿಟ್ಟರೆ ತಾನೇ ಗುಂಗುರು ಬೀಳುವ ತನಕ ಒಂದೇ ದಿಕ್ಕಿಗೆ ಹೊಸೆಯಿರಿ. ನಡುವಿಗೆ ಬೀಗದ ಕೈ ತೂಗುಬಿಟ್ಟು ಎರಡು ತುದಿ ಸೇರಿಸಿದರೆ ಆ ಬೀಗದ ಕೈ ತಿರುತಿರುಗಿ ಹುರಿಯನ್ನು ಸಮನಾಗಿ ಹೆಣೆಯುತ್ತದೆ. ತೂಕವಿಲ್ಲದೆ ಬಿಟ್ಟ ಹುರಿ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ತುದಿಗಳು ಕೆಳಮೂಲೆಯಲ್ಲಿ ಕೂಡುವ ಜಾಗಕ್ಕೆ ಒಂದು ಕುಚ್ಚು. ಸೀರೆಗೆ ಕುಚ್ಚು ಕಟ್ಟಿ ಅಭ್ಯಾಸವಿರುವವರಿಗೆ ಅದನ್ನು ಹೇಳಿಕೊಡಬೇಕಿಲ್ಲ.

ಎತ್ತಿಡುವಾಗ ಪ್ಲಾಸ್ಟಿಕ್ ಚೀಲ ಬೇಡ. ಕಪ್ಪು ಬಿಲ್ಲೆಯ ಮುಖ ಬಿಳಿ ಬಿಲ್ಲೆಗೆ ತಾಗದಂತೆ ನಡುವೆ ಹಳೆಯ ಹತ್ತಿ ಪಂಚೆಯ ತುಂಡಿಟ್ಟು, ಮಡಿಸದೆ, ಮಟ್ಟಸವಾಗಿ ಮಲಗಿಸಿ.